ಪಕ್ಕದ ಟೇಬಲ್‌ನ ಅಕ್ಕ ಹೋದ ಮೇಲೆ: ನನಗೆ ಇಷ್ಟು ಅಳ್ಲಿಕ್ಕೆ ಹಕ್ಕು ಉಂಟಾ?

ಮಂಗಳೂರಿನ ಒಂದು ಆಸ್ಪತ್ರೆಯ ಆಫೀಸಲ್ಲಿ ಕೆಲಸ ಮಾಡುವ ಓದುಗರೊಬ್ಬರು ಉದ್ದದ ಪತ್ರ ಕಳಿಸಿದ್ದಾರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ. ಸ್ವಲ್ಪ ಚಿಕ್ಕದು ಮಾಡಿ ಅವರ ಮಾತಲ್ಲೇ ಕೊಡ್ತಿದ್ದೇನೆ.

"ಡಾಕ್ಟ್ರೇ, ನಾನು ಮೆಡಿಕಲ್ ರೆಕಾರ್ಡ್ಸ್ ಸೆಕ್ಷನ್‌ನಲ್ಲಿ 11 ವರ್ಷದಿಂದ ಇದ್ದೇನೆ. ನನ್ನ ಪಕ್ಕದ ಟೇಬಲ್‌ನಲ್ಲಿ ಒಬ್ರು ಅಕ್ಕ ಇದ್ರು, ಅವರದ್ದು 26 ವರ್ಷದ ಸರ್ವಿಸ್. ಇಡೀ ಆಸ್ಪತ್ರೆಗೆ ಅವರು 'ರೆಕಾರ್ಡ್ ಅಕ್ಕ'. ಫೆಬ್ರವರಿಯಲ್ಲಿ ತೀರಿಹೋದ್ರು, ಹಾರ್ಟ್ ಅಟ್ಯಾಕ್, 54 ವರ್ಷ. ಶುಗರ್ ಇತ್ತು. ಆ ದಿನ ಬೆಳಿಗ್ಗೆ ಎದೆ ಉರೀತದೆ ಮಾರಾಯ್ತಿ, ದವಡೆ ಒಂಥರಾ ಎಳೀತದೆ ಅಂದ್ರು. ನಾನು ಬ್ಯಾಗಿಂದ ಗ್ಯಾಸ್ಟ್ರಿಕ್ ಮಾತ್ರೆ ತೆಗ್ದು ಕೊಟ್ಟೆ. ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚಿದೆವು. ಸಂಜೆ ಕಿನ್ನಿಗೋಳಿ ಬಸ್ ಹತ್ತಿದವರು ರಾತ್ರಿ ಇಲ್ಲ. ನಮ್ಮ ಸೆಕ್ಷನ್‌ನಿಂದ ಕ್ಯಾಶುವಾಲ್ಟಿಗೆ ನಲವತ್ತು ಹೆಜ್ಜೆ ಡಾಕ್ಟ್ರೇ, ಅಷ್ಟು ದೂರ ಕರ್ಕೊಂಡು ಹೋಗ್ಲಿಕ್ಕೆ ನನಗೆ ಹೊಳೀಲಿಲ್ಲ.

ಈಗ ಆರು ತಿಂಗಳಾಯ್ತು. ಅವರ ಟೇಬಲ್‌ಗೆ ಹೊಸ ಹುಡುಗಿ ಬಂದಿದ್ದಾಳೆ, ಪಾಪ ಒಳ್ಳೆಯವಳು, ಆದ್ರೆ ಅವಳು ಆ ಕುರ್ಚಿ ಎಳೆಯುವಾಗ ನನಗೆ ಹೊಟ್ಟೆಯೊಳಗೆ ಎಂತದೋ ಆಗ್ತದೆ. ಮನೆಯಲ್ಲಿ ಇವ್ರು 'ಅವರೇನು ನಿನ್ನ ಸ್ವಂತದವ್ರಾ, ಆರು ತಿಂಗಳಾದ್ರೂ ಇನ್ನೂ ಹೀಗೆ ಕೂತ್ರೆ ಹೇಗೆ' ಅಂತಾರೆ. ಅಕ್ಕ ದಿನಾ ಬೆಳಿಗ್ಗೆ ಬಸ್ಸಿಂದ ಕಳಿಸ್ತಿದ್ದ ವಾಯ್ಸ್ ಮೆಸೇಜ್ ಎಲ್ಲ ನನ್ನ ಫೋನಲ್ಲಿ ಉಂಟು. ಅದನ್ನೆಲ್ಲ ಡಿಲೀಟ್ ಮಾಡು, ಇಟ್ಕೊಂಡ್ರೆ ಅವರಿಗೆ ಮುಕ್ತಿ ಇಲ್ಲ ಅಂತ ಒಬ್ರು ಹೇಳಿದ್ರು, ಅವತ್ತಿಂದ ಹೆದರಿಕೆ. ಅವರು ಕೆಲಸದ ವಿಷಯ ಬರ್ಕೊಳ್ತಿದ್ದ ಒಂದು ಉದ್ದ ಪುಸ್ತಕವೂ ನನ್ನ ಡ್ರಾಯರ್‌ನಲ್ಲಿ ಉಂಟು, ಯಾರಿಗೂ ಕೊಟ್ಟಿಲ್ಲ. ಮುಂದಿನ ತಿಂಗಳು ಸ್ಟಾಫ್ ಎಲ್ಲ ಸೇರಿ ನೆನಪಿನ ಸಭೆ ಮಾಡ್ತಾರಂತೆ, ನನಗೆ ಐದು ನಿಮಿಷ ಮಾತಾಡ್ಲಿಕ್ಕೆ ಹೇಳಿದ್ದಾರೆ. ನಾಲ್ಕು ಸಲ ಬರೆದು ಹರಿದು ಬಿಸಾಡಿದೆ, ಎಷ್ಟು ಬರೆದ್ರೂ 'ನಗುಮುಖದ, ಪ್ರಾಮಾಣಿಕ, ಶ್ರದ್ಧೆಯ' ಅಂತಲೇ ಬರ್ತದೆ, ಅದು ಯಾರಿಗೂ ಹೇಳ್ಬಹುದಲ್ಲ. ಅವರ ಮಗಳನ್ನ ಬೊಜ್ಜದ (ಉತ್ತರಕ್ರಿಯೆಯ) ದಿನ ನೋಡಿದ್ದು, ಆಮೇಲೆ ಮುಖ ತೋರ್ಸಲಿಕ್ಕೆ ಧೈರ್ಯ ಇಲ್ಲ. ನಾನು ಎಂತ ಮಾಡ್ಬೇಕು?"

ಉತ್ತರ

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಆದ್ರೆ ಎಲ್ಲದರ ಅಡಿಯಲ್ಲಿ ಇರೋದು ಒಂದೇ ಅಂತ ನನಗೆ ಕಾಣ್ತದೆ, ಸ್ವಂತದವಳಲ್ಲದ ನನಗೆ ಇಷ್ಟು ಅಳ್ಲಿಕ್ಕೆ ಹಕ್ಕು ಉಂಟಾ ಅಂತ. ಅದಕ್ಕೆ ಮೊದಲು ಉತ್ತರ ಹೇಳಿಬಿಡ್ತೇನೆ, ಉಂಟು. ಯಾಕೆ ಅಂತ ಈಗ ಹೇಳ್ತೇನೆ.

ಒಂದು ಲೆಕ್ಕ ಹಾಕಿ ನೋಡಿ. ಭಾನುವಾರ, ಹಬ್ಬ, ರಜೆ ಎಲ್ಲ ಕಳೆದು ವರ್ಷಕ್ಕೆ 290 ದಿನ ಕೆಲಸ ಅಂತ ಇಟ್ಕೊಳ್ಳಿ, ದಿನಕ್ಕೆ 8 ಗಂಟೆ, 11 ವರ್ಷ. 25,000 ಗಂಟೆ ದಾಟ್ತದೆ. ನಿಮ್ಮ ಒಡಹುಟ್ಟಿದವರ ಜೊತೆ, ಮದುವೆಯಾಗಿ ಬಂದ ಮೇಲೆ, ಅಷ್ಟು ಹೊತ್ತು ಕೂತಿದ್ದೀರಾ? ನಿಮ್ಮ ಮನೆಯವರು ಕೆಟ್ಟ ಮನಸ್ಸಿಂದ ಹಾಗೆ ಹೇಳಿದ್ದಲ್ಲ, ಅವರು ಆ ಗಂಟೆಗಳನ್ನ ನೋಡಿಲ್ಲ, ಅಷ್ಟೇ. ಅವರಿಗೆ ಅಕ್ಕ ಅಂದ್ರೆ ನೀವು ಸಂಜೆ ಹೇಳ್ತಿದ್ದ ಸುದ್ದಿಯೊಳಗಿನ ಒಂದು ಹೆಸರು.

ನಮ್ಮಲ್ಲಿ ಒಬ್ರು ಹೋದ್ರೆ ಸೂತಕ ಅಂತ ಉಂಟಲ್ಲ. ಅದನ್ನ ಬರೀ ಮೈಲಿಗೆ ಅಂತ ನೋಡ್ತೇವೆ, ಆದ್ರೆ ನನ್ನ ಕೆಲಸದಲ್ಲಿ ಇಷ್ಟು ವರ್ಷ ಕೂತು ನನಗೆ ಕಂಡದ್ದು ಏನಂದ್ರೆ ಅದೊಂದು ರಜೆಚೀಟಿ ಕೂಡ. ದೇವಸ್ಥಾನಕ್ಕೆ ಹೋಗ್ಬೇಕಂತ ಇಲ್ಲ, ಮದುವೆಗೆ ಹೋಗ್ಬೇಕಂತ ಇಲ್ಲ, ಯಾರಾದ್ರೂ ಕೇಳಿದ್ರೆ ಸೂತಕ ಅಂದ್ರೆ ಮುಗೀತು, ಮತ್ತೆ ಯಾರೂ ಎಂತದ್ದೂ ಕೇಳೋದಿಲ್ಲ. ಮಗಳಿಗೆ ಅದು ಸಿಕ್ಕಿತು, ತಮ್ಮನಿಗೆ ಸಿಕ್ಕಿತು, ಬೊಜ್ಜದ ದಿನ ಮುಂದೆ ಕೂತ್ಕೊಳ್ಳುವ ಜಾಗ ಸಿಕ್ಕಿತು. ನಿಮಗೆ? ಬಹುಶಃ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಕೈಮುಗಿದು, ಊಟ ಮಾಡಿ, ಮೂರು ಗಂಟೆಗೆ ವಾಪಸ್ ಡ್ಯೂಟಿ. ಮರುದಿನ ಅದೇ ಫೈಲು. ದುಃಖಕ್ಕೆ ಕೂತ್ಕೊಳ್ಳಲಿಕ್ಕೆ ಎಲ್ಲೂ ಜಾಗ ಸಿಗದೆ ಇದ್ರೆ ಅದು ಕುರ್ಚಿ ಎಳೆಯುವ ಸದ್ದಲ್ಲಿ ಬಂದು ಕೂತ್ಕೊಳ್ತದೆ. ಕೆನ್ನೆತ್ ಡೋಕಾ ಅಂತ ಒಬ್ಬ ಅಮೆರಿಕದ ತಜ್ಞ 1989ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಸಮಾಜ ಲೆಕ್ಕಕ್ಕೇ ತಗೊಳ್ಳದ ದುಃಖ ಅಂತ. ಸಹೋದ್ಯೋಗಿ, ಗೆಳತಿ, ಡೈವೋರ್ಸ್ ಆದ ಗಂಡ, ಹುಟ್ಟುವ ಮೊದಲೇ ಹೋದ ಮಗು, ಇವರಿಗೆಲ್ಲ ಅಳುವವರು ಒಳಗೊಳಗೇ ಅಳ್ಬೇಕಾಗ್ತದೆ.

ನನ್ನದೂ ಒಂದು ಹೇಳ್ತೇನೆ. ನಾನು ಮೊದಲು ಕೆಲಸ ಮಾಡಿದ ಒಪಿಡಿಯಲ್ಲಿ ಒಬ್ರು ಅಟೆಂಡರ್ ಇದ್ರು, ರೋಗಿಗಳನ್ನ ಟೋಕನ್ ನಂಬರಿಂದ ಯಾವತ್ತೂ ಕರೀತಿರಲಿಲ್ಲ, ಹೆಸರಿಂದಲೇ ಕರೀತಿದ್ರು. ಅವರು ತೀರಿಹೋದ ದಿನ ನಾನು ಒಪಿ ನಿಲ್ಲಿಸಲಿಲ್ಲ, 40 ಜನರನ್ನ ನೋಡಿದೆ, ಸರಿ ಇದ್ದೇನೆ ಅಂತಲೇ ಅಂದ್ಕೊಂಡೆ. ಮೂರು ವಾರ ಆದ್ಮೇಲೆ ಹೊಸ ಅಟೆಂಡರ್ "ಹದಿನೇಳು" ಅಂತ ಕೂಗಿದ, ನನಗೆ ಪೆನ್ನು ಹಿಡೀಲಿಕ್ಕೆ ಆಗ್ಲಿಲ್ಲ, ಬಾಗಿಲು ಹಾಕ್ಕೊಂಡು ಹತ್ತು ನಿಮಿಷ ಕೂತೆ. ಇಂಥದ್ದರ ಬಗ್ಗೆ ಓದಿ ಪರೀಕ್ಷೆ ಬರೆದವನಿಗೇ ಹೀಗಾದ್ರೆ ನೀವು ನಿಮ್ಮನ್ನ ಯಾಕೆ ಬೈದುಕೊಳ್ತೀರಿ.

ಈಗ "ಆರು ತಿಂಗಳಾದ್ರೂ" ಅನ್ನುವ ಮಾತು. ದುಃಖಕ್ಕೆ ಐದು ಹಂತ ಉಂಟು, ಒಂದಾದ ಮೇಲೆ ಒಂದು ದಾಟಿ ಕೊನೆಗೆ ಒಪ್ಪಿಕೊಳ್ಳೋದು ಅಂತ ವಾಟ್ಸಾಪಲ್ಲಿ ನೀವೂ ನೋಡಿರಬಹುದು. ಅದು ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಹೇಳಿದ್ದು, ಅದೂ ಸಾಯುವ ಕಾಯಿಲೆ ಇದ್ದ ರೋಗಿಗಳ ಜೊತೆ ಕೂತು ಮಾತಾಡಿ ಅವರ ಬಗ್ಗೆ ಬರೆದದ್ದು, ಉಳಿದವರ ಬಗ್ಗೆ ಅಲ್ಲ. ಆಮೇಲೆ ಜನ ಅದನ್ನ ಎಲ್ಲ ದುಃಖಕ್ಕೂ ಟೈಮ್‌ಟೇಬಲ್ ಮಾಡಿದ್ರು. ನಿಜವಾಗಿ ಆಗೋದು ಬೇರೆ ಥರ, ಒಂದು ಹೊತ್ತು ಅಳು, ಒಂದು ಹೊತ್ತು ಮನೆಗೆಲಸ, ಮಗುವಿನ ಫೀಸು, ಸೀರಿಯಲ್, ನಗು, ಮತ್ತೆ ಯಾರದೋ ಮುಡಿಯ ಶಂಕರಪುರ ಮಲ್ಲಿಗೆ ಪರಿಮಳಕ್ಕೆ ಮತ್ತೆ ಅಳು. ಹೀಗೆ ಆಚೆ ಈಚೆ ಹೋಗೋದೇ ಆರೋಗ್ಯವಂತ ಮನಸ್ಸಿನ ಕ್ರಮ ಅಂತ 1999ರಿಂದ ಈ ಕಡೆಗೆ ನಾವು ಓದ್ತಾ ಬಂದದ್ದು, ನನ್ನ ಅನುಭವವೂ ಅದೇ.

ಹಾಗಾದ್ರೆ ಕಾಯಿಲೆ ಅಂತ ಯಾವಾಗ ಹೇಳೋದು? ಇದನ್ನ ನಿಮಗೆ ಹೇಳೋದು ಸುಲಭ, ಯಾಕಂದ್ರೆ ನೀವು ದಿನಾ ಫೈಲಿಗೆ ಐಸಿಡಿ (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ಕೋಡ್ ಹಾಕುವವರು. ಅದರ 11ನೇ ಆವೃತ್ತಿ 2022ರಿಂದ ಜಾರಿಗೆ ಬಂತಲ್ಲ, ಅದರಲ್ಲಿ ದೀರ್ಘಕಾಲದ ಶೋಕಕ್ಕೂ ಒಂದು ಕೋಡ್ ಉಂಟು, 6ಬಿ42. ಅಲ್ಲಿ ಆರು ತಿಂಗಳು ಅಂತ ಬರೆದಿದ್ದಾರೆ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೊಡ್ಡವರಿಗೆ 12 ತಿಂಗಳು. ಆದ್ರೆ ದಯವಿಟ್ಟು ಗಮನಿಸಿ, ಆರು ತಿಂಗಳಾದ ಮೇಲೂ ಅಳು ಬಂದ್ರೆ ಆ ಕೋಡ್ ಅಂತ ಅರ್ಥ ಅಲ್ಲ. ಹೆಚ್ಚುಕಮ್ಮಿ ದಿನಾ, ದಿನವಿಡೀ ಅದೇ ಹಂಬಲ, ಕೆಲಸ ಮಾಡ್ಲಿಕ್ಕೆ ಆಗದಷ್ಟು, ಮನೆಯವರ ಮುಖ ನೋಡ್ಲಿಕ್ಕೆ ಆಗದಷ್ಟು, ನಮ್ಮ ಊರಿನ ನಮ್ಮ ಸಮುದಾಯದ ವಾಡಿಕೆಗೂ ಮೀರಿದಷ್ಟು ಇದ್ರೆ ಮಾತ್ರ. ನೀವು ಡ್ಯೂಟಿಗೆ ಹೋಗ್ತಿದ್ದೀರಿ, ಅಡುಗೆ ಆಗ್ತಿದೆ, ನಿದ್ರೆ ಬರ್ತದೆ ಅಂತ ಬರೆದಿದ್ದೀರಿ, ಹೊಸ ಹುಡುಗಿಯನ್ನ ಪಾಪ ಒಳ್ಳೆಯವಳು ಅನ್ನುವಷ್ಟು ಮನಸ್ಸು ತೆರೆದೇ ಉಂಟು. ಪತ್ರದ ಮೇಲೆ ನಾನು ಡಯಾಗ್ನೋಸಿಸ್ ಬರೆಯೋದಿಲ್ಲ, ಆದ್ರೆ ಇದು ನನಗೆ ಕಾಯಿಲೆಯ ಥರ ಕಾಣೋದಿಲ್ಲ. ಮುಂದೆ ಒಂದು ವೇಳೆ ನಿದ್ರೆ ಪೂರ್ತಿ ಹೋದ್ರೆ, ಊಟ ಸೇರದೆ ಮೈ ಇಳಿದ್ರೆ, ನಾನೂ ಹೋಗಿಬಿಡ್ತೇನೆ ಅನ್ನುವ ಯೋಚನೆ ಒಂದು ಸಲ ಬಂದ್ರೂ, ಮರುದಿನಕ್ಕೆ ಕಾಯಬೇಡಿ. ನಿಮ್ಮ ಆಸ್ಪತ್ರೆಯಲ್ಲೇ ತೋರಿಸ್ಲಿಕ್ಕೆ ನಾಚಿಕೆ ಆದ್ರೆ (ಆಗ್ತದೆ, ಫೈಲು ಯಾರ ಕೈಗೆ ಬರ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು) ಬೇರೆ ಕಡೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ಬಹುದು.

ಇನ್ನು ಆ ಮಾತ್ರೆ. ಇದರ ಬಗ್ಗೆ ನಿಧಾನವಾಗಿ ಮಾತಾಡ್ಬೇಕು, ಸುಮ್ನೆ "ನಿಮ್ಮ ತಪ್ಪಿಲ್ಲ ಬಿಡಿ" ಅಂತ ಹೇಳಿದ್ರೆ ನೀವು ನಂಬೋದಿಲ್ಲ, ನಂಬಬೇಕಾಗಿಯೂ ಇಲ್ಲ.

ಗ್ಯಾಸ್ಟ್ರಿಕ್ ಮಾತ್ರೆಯಿಂದ ಹಾರ್ಟ್ ಅಟ್ಯಾಕ್ ಆಗೋದಿಲ್ಲ. ಹೃದಯದ ರಕ್ತನಾಳದಲ್ಲಿ ಎಷ್ಟೋ ವರ್ಷದಿಂದ ಕಟ್ಟಿಕೊಂಡು ಬಂದ ಕೊಬ್ಬಿನ ಪದರ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಅಟ್ಯಾಕ್, ಅದಕ್ಕೂ ನಿಮ್ಮ ಮಾತ್ರೆಗೂ ಸಂಬಂಧ ಇಲ್ಲ. ಉಳಿಯೋದು ಇನ್ನೊಂದು ಪ್ರಶ್ನೆ, ಗೊತ್ತಾಗಬೇಕಿತ್ತಲ್ಲ ಅನ್ನೋದು. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ, ಆದ್ರೆ ಅದರ ಜೊತೆಗೋ ಅದರ ಬದಲಿಗೋ ದವಡೆ ಎಳೆತ, ಬೆನ್ನು ನೋವು, ವಾಂತಿ ಬಂದ ಹಾಗೆ ಆಗೋದು, ಕಾರಣ ಇಲ್ಲದ ಸುಸ್ತು, ಉಸಿರು ಕಟ್ಟೋದು ಗಂಡಸರಿಗಿಂತ ಜಾಸ್ತಿ. ಶುಗರ್ ಇದ್ದವರಿಗೆ ನರ ಮಂದ ಆಗಿ ನೋವೇ ಸರಿಯಾಗಿ ಗೊತ್ತಾಗದೆ ಇರೋದೂ ಉಂಟು. ಅಕ್ಕನಿಗೆ ಎರಡೂ ಇತ್ತು. ಇದನ್ನ ಓದಿದ ವೈದ್ಯರೇ ತಪ್ಪುವುದನ್ನ ನಾನು ನೋಡಿದ್ದೇನೆ. ಅವತ್ತು ಕ್ಯಾಶುವಾಲ್ಟಿಗೆ ಹೋಗಿ ಇಸಿಜಿ ಮಾಡಿಸಿದ್ರೆ ಉಳೀತಿದ್ರಾ? ಉಳೀಬಹುದಿತ್ತು. ಮೊದಲ ಇಸಿಜಿ ನಾರ್ಮಲ್ ಬಂದು, ಏನಿಲ್ಲ ಅಂತ ಸಮಾಧಾನ ಮಾಡ್ಕೊಂಡು ಅದೇ ಬಸ್ಸಲ್ಲಿ ಮನೆಗೆ ಹೋಗೋದೂ ಆಗಬಹುದಿತ್ತು, ಒಂದೇ ಇಸಿಜಿ ಸಾಕಾಗೋದಿಲ್ಲ ಅಂತಲೇ ನಾವು ರಿಪೀಟ್ ಮಾಡೋದು, ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷೆ ನೋಡೋದು.

ನಿಮ್ಮ ಕೆಲಸದಲ್ಲೇ ಇದಕ್ಕೆ ಉತ್ತರ ಉಂಟು ನೋಡಿ. ಒಂದು ಕೇಸ್‌ಶೀಟ್ ಮೊದಲ ದಿನ ಬರುವಾಗ ಅದರಲ್ಲಿ ಪ್ರೊವಿಷನಲ್ (ತಾತ್ಕಾಲಿಕ) ಡಯಾಗ್ನೋಸಿಸ್ ಅಂತ ಮಾತ್ರ ಇರ್ತದೆ, ಮುಂದೆ ಒಂದು ಪ್ರಶ್ನೆ ಚಿಹ್ನೆ. ಫೈನಲ್ ಡಯಾಗ್ನೋಸಿಸ್ ನೋಡಿ ನೀವು ಕೋಡ್ ಹಾಕೋದು ಎಲ್ಲ ಮುಗಿದ ಮೇಲೆ. ಆ ಕೊನೆಯ ಹಾಳೆ ಕೈಯಲ್ಲಿ ಹಿಡ್ಕೊಂಡು ಮೊದಲ ದಿನದ ನೋಟ್ಸ್ ಓದಿದ್ರೆ ಎಲ್ಲ ನಿಚ್ಚಳ, ಅಯ್ಯೋ ಇಷ್ಟು ಗೊತ್ತಾಗ್ಲಿಲ್ವಾ ಅಂತ ಕಾಣ್ತದೆ. ನೀವು ಆರು ತಿಂಗಳಿಂದ ಫೆಬ್ರವರಿಯ ಆ ಬೆಳಿಗ್ಗೆಯನ್ನ ಹಾಗೆ ಹಿಂದಿನಿಂದ ಓದ್ತಿದ್ದೀರಿ. ಅವತ್ತು ನಿಮ್ಮ ಕೈಯಲ್ಲಿ ಆ ಕೊನೆಯ ಹಾಳೆ ಇರ್ಲಿಲ್ಲ. ನಿಮಗೆ ಕಂಡದ್ದು ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಿ ಬಂದ ಅಕ್ಕ, ನೀವು ಮಾಡಿದ್ದು ಬ್ಯಾಗಿಗೆ ಕೈ ಹಾಕಿದ್ದು.

ಆದ್ರೆ ಇಷ್ಟು ಹೇಳಿದ ಮೇಲೂ ಆ ಚುಚ್ಚು ಪೂರ್ತಿ ಹೋಗ್ಲಿಕ್ಕಿಲ್ಲ, ಕೆಲವರಲ್ಲಿ ಒಂದು ಚೂರು ಉಳಿದೇ ಉಳೀತದೆ. ಅದನ್ನ ಉಪಯೋಗಕ್ಕೆ ಹಚ್ಚಬಹುದು. ಹೊಕ್ಕುಳಿಂದ ದವಡೆವರೆಗೆ ಎಲ್ಲಿ ಉರಿ, ಎಳೆತ, ಭಾರ ಆದ್ರೂ, ಅದರ ಒಟ್ಟಿಗೆ ಬೆವರು ಬಂದ್ರೆ ಅಥವಾ ಉಸಿರು ಕಟ್ಟಿದ್ರಂತೂ ತಡಮಾಡದೆ, ಮಾತ್ರೆಗಿಂತ ಮೊದಲು ಇಸಿಜಿ. ಅಂಥವರು ಬಂದ್ರೆ ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು ಅನ್ನೋದು ಎಲ್ಲ ಕಡೆಯ ನಿಯಮ. ಇದನ್ನ ನಿಮ್ಮ ಆಫೀಸಿನ ಹೆಂಗಸರಿಗೆಲ್ಲ ನೀವೇ ಹೇಳಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಫೀಸ್ ಸ್ಟಾಫ್ ತಮ್ಮ ಮೈ ನೋಡ್ಕೊಳ್ಳೋದೇ ಇಲ್ಲ, ಇದು ನಾನು ಮತ್ತೆ ಮತ್ತೆ ಕಂಡದ್ದು. ಎದುರಲ್ಲೇ ಇಷ್ಟು ದೊಡ್ಡ ರೋಗಿಗಳನ್ನ ನೋಡ್ತಾ ನೋಡ್ತಾ ನಮ್ಮದು ಎಂತದ್ದೂ ಅಲ್ಲ ಅಂತ ಕಾಣ್ತದೆ.

ವಾಯ್ಸ್ ಮೆಸೇಜ್. ಡಿಲೀಟ್ ಮಾಡ್ಬೇಡಿ. ಇಟ್ಕೊಂಡ್ರೆ ಮುಕ್ತಿ ಸಿಗೋದಿಲ್ಲ ಅಂದವರ ನಂಬಿಕೆಯನ್ನ ನಾನು ಹೀಗಳೆಯೋದಿಲ್ಲ, ಆದ್ರೆ ನಮ್ಮ ತುಳುನಾಡಿನ ಕ್ರಮ ಹೋದವರನ್ನ ಅಳಿಸಿ ಹಾಕಿ ಅಂತ ಎಲ್ಲಿ ಹೇಳ್ತದೆ? ಮಳೆಗಾಲದ ಆಟಿ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಕುಲೆಗಳಿಗೆ, ಅಂದ್ರೆ ತೀರಿಹೋದವರ ಆತ್ಮಗಳಿಗೆ ಅಂತ ಎಲೆ ಹಾಕಿ ಬಡಿಸ್ತಾರೆ, ಹೋದವರಿಗೆ ಇಷ್ಟದ್ದನ್ನೇ ಮಾಡಿ ಬಡಿಸ್ತಾರೆ. ನಮ್ಮ ಕ್ರಿಶ್ಚಿಯನ್ ನೆರೆಯವರು ನವೆಂಬರ್ 2ಕ್ಕೆ ಸಮಾಧಿ ತೊಳೆದು ಹೂ ಇಟ್ಟು ಕ್ಯಾಂಡಲ್ ಹಚ್ತಾರೆ. ಹೋದವರ ಜೊತೆ ಒಂದು ಸಂಬಂಧ ಇಟ್ಕೊಂಡೇ ಬದುಕೋದು ನಮಗೆ ಹೊಸತಲ್ಲ, ನೆನಪು ಕಡ್ಕೊಂಡ್ರೇ ಗುಣ ಅನ್ನುವ ಹಳೇ ವಾದವನ್ನ ಮನಶ್ಶಾಸ್ತ್ರದವರೂ ಈಗ ಬಿಟ್ಟಿದ್ದಾರೆ. ಒಂದೇ ಒಂದು ಜಾಗ್ರತೆ, ರಾತ್ರಿ ಮಲಗುವಾಗ ಅದನ್ನ ಕೇಳಿಯೇ ನಿದ್ರೆ ಬರುವ ಅಭ್ಯಾಸ ಆಗೋದು ಬೇಡ, ಅದು ಗಾಯ ಕೆರೆದ ಹಾಗೆ. ಹಗಲಲ್ಲಿ, ಮನಸ್ಸಾದಾಗ, ಒಂದೋ ಎರಡೋ ಕೇಳಿ. ಮತ್ತೆ ಫೋನ್ ಮಳೆಗಾಲದಲ್ಲಿ ನೀರಿಗೆ ಬಿದ್ದು ಎಲ್ಲ ಹೋಗಿ, ಎರಡನೇ ಸಲ ಸತ್ತ ಹಾಗಾಯ್ತು ಡಾಕ್ಟ್ರೇ ಅಂತ ಅತ್ತವರನ್ನ ನೋಡಿದ್ದೇನೆ, ಆದ್ದರಿಂದ ಈ ವಾರವೇ ಒಂದು ಪೆನ್‌ಡ್ರೈವ್‌ಗೆ ಕಾಪಿ ಹಾಕಿಸಿಡಿ.

ಉದ್ದ ಪುಸ್ತಕದ ವಿಷಯ ಸ್ವಲ್ಪ ಸೂಕ್ಷ್ಮ. ಅದರಲ್ಲಿ ಎಂತ ಉಂಟು ಅಂತ ನೀವು ಬರೆದದ್ದನ್ನ ಓದಿ ನನಗೆ ಕಣ್ಣು ತುಂಬಿತು, ಬೇರೆ ಓದುಗರಿಗೂ ಹೇಳ್ತೇನೆ. ಆಸ್ಪತ್ರೆಯಲ್ಲಿ ಒಬ್ರು ತೀರಿಹೋದ್ರೆ ಅಲ್ಲಿಂದ ರಿಜಿಸ್ಟ್ರಾರ್‌ಗೆ ಮರಣದ ವರದಿ ಹೋಗ್ತದೆ, ಫಾರಂ 2, ಅದರ ಒಟ್ಟಿಗೆ ಸಾವಿನ ಕಾರಣದ ಸರ್ಟಿಫಿಕೇಟ್, ಫಾರಂ 4. 21 ದಿನದೊಳಗೆ ನೋಂದಣಿ ಆಗ್ಬೇಕು. ಅದರಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ರೂ ಮನೆಯವರು ಬ್ಯಾಂಕಿಗೆ, ಎಲ್‌ಐಸಿಗೆ, ಪೆನ್ಶನ್‌ಗೆ, ಜಾಗದ ಖಾತೆ ಬದಲಾವಣೆಗೆ ಅಲೆದು ಅಲೆದು ಸೋತು ಹೋಗ್ತಾರೆ. ನಮ್ಮ ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿಂದ, ಚಿಕ್ಕಮಗಳೂರಿಂದ, ಕೊಡಗಿಂದ, ಕಾರವಾರದ ಕಡೆಯಿಂದ ಜನ ಬರೋದು, ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಒಂದೊಂದು ಭಾಷೆಯಲ್ಲಿ ಒಂದೇ ಹೆಸರು ಒಂದೊಂದು ಥರ. ಅಕ್ಕ ಎಂತ ಮಾಡ್ತಿದ್ರು ಅಂದ್ರೆ ಅಳ್ತಾ ನಿಂತವರಿಗೆ ಮೊದಲು ಒಂದು ಕುರ್ಚಿ, ಆಮೇಲೆ ಫಾರಮನ್ನ ಅವರ ಕಡೆ ತಿರುಗಿಸಿ ಹೆಸರಿನ ಒಂದೊಂದು ಅಕ್ಷರದ ಅಡಿಗೆ ಬೆರಳಿಟ್ಟು "ನೀವೇ ಬಾಯಿಬಿಟ್ಟು ಓದಿ, ಮನೆಯಲ್ಲಿ ಕರೆಯೋದಲ್ಲ, ಆಧಾರ್‌ನಲ್ಲಿ ಉಂಟಲ್ಲ ಅದು." ಸಂಶಯ ಇದ್ದದ್ದನ್ನೆಲ್ಲ ಆ ಉದ್ದ ಪುಸ್ತಕದಲ್ಲಿ ಬರ್ಕೊಂಡು, ಸರಿ ಆಗುವವರೆಗೆ ಫೋನ್ ಮಾಡಿ, ಸರಿ ಆದ್ಮೇಲೆ ಹಸಿರು ಪೆನ್ನಲ್ಲಿ ಒಂದು ರೈಟ್. 26 ವರ್ಷ. ಇದನ್ನ ಅವರಿಗೆ ಯಾರೂ ಹೇಳಿರ್ಲಿಲ್ಲ, ಸಂಬಳದಲ್ಲೂ ಇರ್ಲಿಲ್ಲ.

ಆ ಪುಸ್ತಕ ನಿಮಗೆ ಅಕ್ಕನ ಕೈಬರಹ. ಆದ್ರೆ ಅದರಲ್ಲಿ ರೋಗಿಗಳ ಹೆಸರು, ಐಪಿ (ಒಳರೋಗಿ) ನಂಬರ್, ಫೋನ್ ನಂಬರ್ ಉಂಟು, ಹಾಗಾಗಿ ಅದು ನಿಮ್ಮ ಮನೆಗೂ ಹೋಗಬಾರದು, ಮಗಳ ಮನೆಗೂ ಹೋಗಬಾರದು, ಸಭೆಯಲ್ಲಿ ಎತ್ತಿ ತೋರ್ಸಲೂಬಾರದು. ಡ್ರಾಯರ್‌ನಲ್ಲಿ ಬಚ್ಚಿಟ್ರೂ ನಾಳೆ ನಿಮಗೇ ತೊಂದರೆ. ಅಕ್ಕನೇ ಇದ್ದಿದ್ರೆ ಎಂತ ಹೇಳ್ತಿದ್ರು ಅಂತ ನಿಮಗೆ ಗೊತ್ತು, ರೆಕಾರ್ಡ್ ರೆಕಾರ್ಡ್ ರೂಮಲ್ಲೇ ಇರ್ಬೇಕು. ಸೆಕ್ಷನ್ ಹೆಡ್‌ಗೆ ಹೇಳಿ ಒಪ್ಪಿಸಿ. ಒಪ್ಪಿಸುವ ಮೊದಲು ಅವರ ಅನುಮತಿ ಕೇಳಿ, ಹೆಸರು ನಂಬರ್ ಯಾವುದೂ ಇಲ್ಲದ ಹಾಳೆ, ಹೊರಗಿನ ರಟ್ಟಿನ ಮೇಲೆ ಅಕ್ಕ ತನ್ನ ಕೈಯಲ್ಲಿ ಇಸವಿ ಬರೆದದ್ದು ಉಂಟಂತಲ್ಲ, ಅದರ ಒಂದು ಫೋಟೋ ತಗೊಳ್ಳಿ. ಅಷ್ಟು ನಿಮಗೆ.

ಹೊಸ ಹುಡುಗಿಯ ಮೇಲೆ ಸಿಟ್ಟು ಬರೋದಕ್ಕೆ ನಾಚಿಕೆ ಪಡ್ಬೇಡಿ, ಅದು ಅವಳ ಮೇಲಿನ ಸಿಟ್ಟಲ್ಲ. ಟೇಬಲ್ ಬದಲಾಯಿಸಿ ಅಂತ ಕೇಳ್ಬಹುದು, ಕೆಲವರಿಗೆ ಅದರಿಂದ ಉಪಕಾರ ಆಗ್ತದೆ, ಆದ್ರೆ ದೂರ ಹೋದಷ್ಟು ಆ ಮೂಲೆಯ ಹೆದರಿಕೆ ದೊಡ್ಡದಾಗೋದೂ ಉಂಟು. ನನ್ನ ಅಭಿಪ್ರಾಯ ಕೇಳಿದ್ರೆ ಅಲ್ಲೇ ಇರಿ, ಒಂದು ದಿನ ಬಿಡುವಾದಾಗ ಅವಳಿಗೆ ಆ ಬೆರಳಿಟ್ಟು ಓದಿಸುವ ಕ್ರಮ ತೋರ್ಸಿ. ಯಾರು ಕಲ್ಸಿದ್ದು ಅಂತ ಅವಳು ಕೇಳ್ತಾಳೆ. ಆಗ ಹೇಳಿ.

ಈಗ ಸಭೆಯ ಐದು ನಿಮಿಷ. ನೀವು ನಾಲ್ಕು ಸಲ ಹರಿದು ಬಿಸಾಡಿದ್ದು ಸರಿಯೇ, ನಿಮ್ಮ ಮನಸ್ಸಿಗೆ ಗೊತ್ತಾಗಿದೆ ಅದು ಅಕ್ಕ ಅಲ್ಲ ಅಂತ. ನಗುಮುಖದ, ಪ್ರಾಮಾಣಿಕ, ಇದೆಲ್ಲ ಪೇಪರ್‌ನ ಶ್ರದ್ಧಾಂಜಲಿ ಕಾಲಂನಲ್ಲಿ ದಿನಾ ಬರುವ ಮಾತು. ನೀವು ನನಗೆ ಬರೆದ ಪತ್ರದಲ್ಲೇ ಭಾಷಣ ಉಂಟು. ಕುರ್ಚಿ, ಬೆರಳು, ಹಸಿರು ಪೆನ್ನು. ಇಂಟರ್ನ್‌ಗಳು ಕೇಸ್‌ಶೀಟ್ ಅರ್ಧ ಬರೆದು ಕಳಿಸಿದ್ರೆ ಅದನ್ನ ಹಿಡ್ಕೊಂಡು ಮೂರನೇ ಮಹಡಿಗೆ ಹತ್ತಿ ಹೋಗಿ ಎಲ್ಲರ ಎದುರು ಬೈದು ಸೈನ್ ಹಾಕಿಸ್ಕೊಂಡು ಬರ್ತಿದ್ದದ್ದು, ಆಮೇಲೆ ಅದೇ ಹುಡುಗರಿಗೆ ಕ್ಯಾಂಟೀನ್‌ನಲ್ಲಿ ಬನ್ಸ್ ಕೊಡಿಸ್ತಿದ್ದದ್ದು. ಆ ಸಿಟ್ಟನ್ನ ಬಿಡ್ಬೇಡಿ. ಸತ್ತವರ ಬಗ್ಗೆ ಒಳ್ಳೇದು ಮಾತ್ರ ಹೇಳ್ಬೇಕು ಅಂತ ನಾವು ಅವರ ಸಿಟ್ಟು, ಹಠ, ಜಿಪುಣತನ ಎಲ್ಲ ಒರೆಸಿ ಹಾಕಿದ್ರೆ ಉಳಿಯೋದು ಹಾರ ಹಾಕಿದ ಫೋಟೋ, ಎದುರು ಕೂತ ಸ್ಟಾಫಿಗೆ ಇದು ಯಾರು ಅಂತಲೇ ಗೊತ್ತಾಗೋದಿಲ್ಲ. ಬೈಸ್ಕೊಂಡವರು ಅಲ್ಲಿ ಕೂತಿರ್ತಾರೆ, ಅವರು ನಗ್ತಾರೆ, ನಕ್ಕು ಆಮೇಲೆ ಅಳ್ತಾರೆ. ಆದ್ರೆ ಎರಡು ಗಡಿ ಉಂಟು. ರೋಗಿಯ ಹೆಸರು, ಊರು, ಕಾಯಿಲೆ, ಯಾರೆಂದು ಗೊತ್ತಾಗುವಂಥ ಎಂತದ್ದೂ ಬೇಡ. ಮತ್ತೆ ಅಕ್ಕ ನಿಮಗೆ ಮಾತ್ರ ಹೇಳಿದ ಮನೆ ಕಷ್ಟ, ಸಾಲಸೋಲ, ಅದು ನಿಮ್ಮಲ್ಲೇ ಇರ್ಲಿ.

ನಿಧಾನಕ್ಕೆ ಓದಿದ್ರೆ ಐದು ನಿಮಿಷಕ್ಕೆ 400 ಪದ ಸಾಕು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೀರಿ, ಮನೆಯಲ್ಲಿ ಎರಡು ಮೂರು ಸಲ ಜೋರಾಗಿ ಓದಿ, ಎಲ್ಲಿ ಗಂಟಲು ಕಟ್ತದೆ ಅಂತ ಮೊದಲೇ ಗೊತ್ತಾಗ್ತದೆ, ಆ ಜಾಗದಲ್ಲಿ ಒಂದು ಗೆರೆ ಹಾಕಿ, ಅಲ್ಲಿ ನಿಲ್ಲಿ, ನೀರು ಕುಡೀರಿ. ಅಳು ಬಂದ್ರೆ ಬರ್ಲಿ, ಸಭೆ ಕಾಯ್ತದೆ. ಇನ್ನೊಂದು ಕಾಪಿ ಪಕ್ಕದಲ್ಲಿ ಕೂತವರ ಕೈಯಲ್ಲಿ ಇರ್ಲಿ, ಆಗ್ಲಿಲ್ಲ ಅಂದ್ರೆ ಅವರು ಓದ್ತಾರೆ. ಮಾತಾಡೋದೇ ಬೇಡ ಅಂತ ಕಂಡ್ರೆ ಬರೆದು ಕೊಡಿ, ಅದೂ ತಪ್ಪಲ್ಲ, ಆದ್ರೆ ಎಷ್ಟೋ ಜನ ಆಮೇಲೆ ನಾನೇ ಹೇಳ್ಬೇಕಿತ್ತು ಅಂತ ವರ್ಷಗಟ್ಟಲೆ ಕೊರಗಿದ್ದನ್ನ ಕೇಳಿದ್ದೇನೆ.

ಕೊನೆಗೆ ಮಗಳು. ನೀವು ಹೋಗದೆ ಇರೋದು ಮಾತ್ರೆಯ ಹೆದರಿಕೆಯಿಂದ ಅಂತ ನನಗೆ ಗೊತ್ತಾಗ್ತದೆ. ಆದ್ರೆ ಆ ಹುಡುಗಿಯ ಕಡೆಯಿಂದ ಸ್ವಲ್ಪ ನೋಡಿ. ಅವಳಿಗೆ ಗೊತ್ತಿರೋದು ಬೆಳಿಗ್ಗೆ ಏಳೂವರೆಗೆ ಹೋಗಿ ಸಂಜೆ ಸುಸ್ತಾಗಿ ಬಂದು ಚೂಡಿದಾರದ ಶಾಲು ತೆಗೆದು ಅಡುಗೆಮನೆಗೆ ಹೋಗುವ ಅಮ್ಮ. ನಡುವಿನ ಎಂಟು ಗಂಟೆ ಅಮ್ಮ ಯಾರಾಗಿದ್ರು ಅಂತ ಅವಳಿಗೆ ಗೊತ್ತಿಲ್ಲ, ಎಷ್ಟೋ ಮನೆಯವರು ಹಸಿರು ಟಿಕ್ ಆದ ಕಾಗದ ಹಿಡ್ಕೊಂಡು ಅಮ್ಮನಿಗೆ ಕೈ ಮುಗಿದದ್ದು ಅವಳು ನೋಡಿಲ್ಲ. ಅದು ನಿಮ್ಮ ಹತ್ರ ಮಾತ್ರ ಉಂಟು. ಮೊದಲು ಒಂದು ಮೆಸೇಜ್ ಹಾಕಿ, ಬರ್ಬಹುದಾ ಅಂತ ಕೇಳಿ, ಈಗ ಬೇಡ ಆಂಟಿ ಅಂದ್ರೆ ಬೇಜಾರು ಮಾಡ್ಕೊಳ್ಳದೆ ಎರಡು ತಿಂಗಳು ಬಿಟ್ಟು ಇನ್ನೊಂದ್ಸಲ ಕೇಳಿ. ಹೋದಾಗ ಮಾತ್ರೆಯ ವಿಷಯ ಹೇಳ್ಬೇಕಾ ಅಂತ ಕೇಳಿದ್ರಿ. ಅವಳು ಆ ದಿನ ಅಮ್ಮ ಹೇಗಿದ್ರು ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡಿ, ಎದೆ ಉರಿ ಅಂದ್ರು, ನಾನು ಮಾತ್ರೆ ಕೊಟ್ಟೆ, ನನಗೆ ಗೊತ್ತಾಗ್ಲಿಲ್ಲ ಅಂತ ಮೂರು ಮಾತಲ್ಲಿ ಹೇಳಿ. ಅವಳಿಗೆ ಸಿಟ್ಟು ಬರ್ಲಿಕ್ಕೂ ಸಾಕು, ಅದಕ್ಕೆ ತಯಾರಾಗಿ ಹೋಗಿ. ಕೇಳದೆ ಇದ್ರೆ ಮೊದಲ ದಿನವೇ ನಿಮ್ಮ ಭಾರ ಇಳಿಸ್ಲಿಕ್ಕೆ ಅವಳ ಮೇಲೆ ಹಾಕ್ಬೇಡಿ, ಅದನ್ನ ನನ್ನಂಥವರ ಹತ್ರ ಬಂದು ಇಳಿಸಿ.

ಮತ್ತೆ ಬರಿಗೈಯಲ್ಲಿ ಹೋಗ್ಬೇಡಿ. ಎಲ್ಲ ವಾಯ್ಸ್ ಮೆಸೇಜ್ ಒಟ್ಟಿಗೆ ಕೊಟ್ರೆ ಅವಳಿಗೆ ತಡೀಲಿಕ್ಕೆ ಆಗ್ಲಿಕ್ಕಿಲ್ಲ, ಬೇಕಾ ಅಂತ ಕೇಳಿ ಒಂದೇ ಒಂದು ಕೇಳ್ಸಿ. ನೀವು ಬರೆದಿದ್ರಲ್ಲ, ಕಂಡಕ್ಟರ್ "ರೈಟ್ ಪೋಯಿ" ಅಂತ ಕೂಗೋದು, ಅದರ ನಡುವೆ ಅಕ್ಕ ತುಳುವಲ್ಲಿ "ಬಸ್ ತಿಕ್ಕ್ಂಡ್, ಈ ಓಲುಲ್ಲ?" ಅಂತ ಕೇಳೋದು, ಬಸ್ಸು ಸಿಕ್ಕಿತು, ನೀನೆಲ್ಲಿದ್ದಿ ಅಂತ, ಆಮೇಲೆ ಯಾರಿಗೋ ಸೀಟು ಬಿಟ್ಟು ಕೊಡುವ ಸದ್ದು. ಅದು.